ಅಸಲಿ ಡಯಲ್, ಆದರೆ ಆ ಗಡಿಯಾರದ್ದಲ್ಲ

ಬೆಂಗಳೂರಿನಲ್ಲಿ ಹಳೆಯ ಕೈಗಡಿಯಾರಗಳನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಯೊಂದರಲ್ಲಿ ನಾನು ಎಂಟು ವರ್ಷಗಳಿಂದ ಪರಿಶೀಲನೆಯ ಮೇಜಿನಲ್ಲಿ ಕುಳಿತಿದ್ದೇನೆ. ಬಂದ ಗಡಿಯಾರದ ಬ್ಯಾಕ್ (ಹಿಂಬದಿಯ ಮುಚ್ಚಳ) ತೆಗೆಸಿ, ಫೋಟೊ ಹಿಡಿದು, ಅದು ಒರಿಜಿನಲ್ ಹೌದೋ ಅಲ್ಲವೋ ಎಂದು ಫಾರಂನಲ್ಲಿ ಗುರುತು ಹಾಕಿ ಸಹಿ ಮಾಡುವುದು ನನ್ನ ಕೆಲಸ. ಕಳೆದ ವರ್ಷ ಸ್ವಿಸ್ ಕಂಪನಿ ಒಮೆಗಾದ ಒಂದು ಸೀಮಾಸ್ಟರ್‌ಗೆ ನಾನು ಹಾಕಿದ ಗುರುತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅದನ್ನು ತಂದವರು ಐವತ್ತು ದಾಟಿದ ಒಬ್ಬ ಬ್ಯಾಂಕ್ ಉದ್ಯೋಗಿ. ತಂದೆಯವರು ಕೊಂಡದ್ದು, ಅಂದಿನಿಂದ ಒಮ್ಮೆಯೂ ಬಿಚ್ಚಿಸಿಲ್ಲ ಎಂದು ಅವರು ಹೇಳಿದರು. ಮನೆತನದ ಇಂಥ ಮಾತನ್ನು ದಾಖಲೆಯೆಂದು ಎಣಿಸಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೂ ಅದನ್ನು ಹೇಳುವವರು ಮರ್ಯಾದಸ್ಥರಾಗಿ ಕಂಡರೆ ಕಿವಿ ತಾನಾಗಿಯೇ ಅದನ್ನು ಒಪ್ಪಿಕೊಂಡುಬಿಡುತ್ತದೆ. ಬ್ಯಾಕ್ ತೆಗೆದಾಗ ತಾಮ್ರದ ಬಣ್ಣದ 501 ಕ್ಯಾಲಿಬರ್, ಅಂದರೆ ಆ ಮಾದರಿಯ ಮೂವ್‌ಮೆಂಟ್ (ಒಳಗಿನ ಯಂತ್ರ) ಕಾಣಿಸಿತು. ಮೂವ್‌ಮೆಂಟ್‌ನ ಸಂಖ್ಯೆ 16ರಿಂದ ಶುರುವಾಗುವ ಎಂಟು ಅಂಕಿಯದು, ಅಂದರೆ 1958ರ ಆಸುಪಾಸಿನದು. ಬ್ಯಾಕ್‌ನ ಒಳಗಿನ ರೆಫರೆನ್ಸ್ ಸಂಖ್ಯೆಯೂ (ಗಡಿಯಾರದ ಮಾದರಿ ಸಂಖ್ಯೆ) ಆ ಕ್ಯಾಲಿಬರ್‌ಗೆ ಒಪ್ಪುವಂಥದ್ದೇ. ಗ್ಲಾಸಿನ ನಡುವೆ ಒಮೆಗಾದ ಪುಟ್ಟ ಗುರುತೂ ಇತ್ತು. ಹಳೆಯ ಗಡಿಯಾರದಲ್ಲಿ ಗ್ಲಾಸಿನಷ್ಟು ಸುಲಭವಾಗಿ ಬದಲಾಗುವ ಭಾಗ ಇನ್ನೊಂದಿಲ್ಲ ಎಂಬುದನ್ನು ಮರೆತು, ಅದನ್ನೂ ಸಾಕ್ಷಿಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಡಯಲ್ ನೋಡುವಾಗ ನನ್ನ ಕಣ್ಣು ಹುಡುಕಿದ್ದು ಬಣ್ಣ ಬಳಿದ ಕೆಲಸವನ್ನು ಮಾತ್ರ. ಇದಕ್ಕೆ ನಮ್ಮ ಊರಿನ ಸರಕೇ ಕಾರಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಮಾದರಿಗಳಾದ ಜನತಾ, ಪೈಲಟ್‌ಗಳು ಕಾರ್ಖಾನೆ ಮುಚ್ಚಿದ ಮೇಲೆ ಎಷ್ಟು ಬೇಡಿಕೆ ಗಳಿಸಿದವೆಂದರೆ, ಡಯಲ್ ಕೆರೆದು ಹೊಸ ಬಣ್ಣ ಹಚ್ಚಿ, ಅಚ್ಚು ಹಾಕಿ ಮಾರುವುದು ಒಂದು ಕಸುಬೇ ಆಗಿಹೋಗಿದೆ. ವಾರಕ್ಕೆ ಹತ್ತಾದರೂ ಅಂಥ ಪೈಲಟ್‌ಗಳು ನನ್ನ ಮೇಜಿಗೆ ಬರುತ್ತವೆ. ಲೂಪ್ ಎಂಬ ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಸೊಟ್ಟಗಿರುತ್ತವೆ. ಅರ್ಧ ನಿಮಿಷದಲ್ಲಿ ತೀರ್ಪು ಕೊಡಬಹುದು. ಸೀಮಾಸ್ಟರ್‌ನ ಡಯಲ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಅಚ್ಚು ಕೂದಲೆಳೆಯಷ್ಟು ಚೊಕ್ಕಟವಾಗಿತ್ತು. ಕತ್ತಲಲ್ಲಿ ಹಿಡಿದಾಗ ಡಯಲ್‌ನ ಲ್ಯೂಮ್ (ಕತ್ತಲಲ್ಲಿ ಬೆಳಗುವ ಬಣ್ಣ) ಆಗಲಿ ಮುಳ್ಳುಗಳ ಲ್ಯೂಮ್ ಆಗಲಿ ಬೆಳಗಲಿಲ್ಲ, ಹಾಗಾಗಿ ಹೊಸದಾಗಿ ತುಂಬಿದ್ದಲ್ಲ ಎಂದು ತೀರ್ಮಾನಿಸಿದೆ.

ರಿಪೇರಿ ಮೇಜಿನ ಭಾಯ್ ಮಾತ್ರ ಗಡಿಯಾರವನ್ನು ಹಿಂದಿರುಗಿಸುವಾಗ, "ಸಾರ್, ಮುಳ್ಳು ಒಂದು ಬಣ್ಣ, ಡಯಲ್ ಒಂದು ಬಣ್ಣ ಇದೆ, ನೋಡ್ಕೊಳ್ಳಿ" ಎಂದರು. ಮುಳ್ಳಿನ ಲ್ಯೂಮ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಡಯಲ್‌ನ ಚುಕ್ಕಿಗಳು ಕೆನೆಯ ಬಣ್ಣದಲ್ಲಿದ್ದವು. ಎರಡಕ್ಕೂ ಒಂದೇ ತರಹ ವಯಸ್ಸಾಗಬೇಕೆಂದೇನೂ ಇಲ್ಲ ಭಾಯ್ ಎಂದು ನಾನು ಪಾಠ ಹೇಳಿದೆ. ನಲವತ್ತು ವರ್ಷ ಗಡಿಯಾರ ಬಿಚ್ಚಿದವರಿಗೆ. ಯಜಮಾನರು ಅಂದು ಸಂಜೆಯೊಳಗೆ ಫೋಟೊಗಳು ಬೇಕೆಂದು ಎರಡು ಸಲ ಕೇಳಿದ್ದರು; ಫಾರಂನಲ್ಲಿ ಇರುವುದು ಹೌದು, ಇಲ್ಲ ಎಂಬ ಎರಡೇ ಚೌಕ; ನಾನು ಹೌದು ಎಂದು ಒತ್ತಿದೆ. ಬೆಲೆ 78,000 ರೂಪಾಯಿ.

ಮೈಸೂರಿನ ನಿವೃತ್ತ ಎಂಜಿನಿಯರ್ ಒಬ್ಬರು ಮುಂಗಡ ಕಳಿಸಿ, ಶನಿವಾರ ಬೆಳಿಗ್ಗೆ ಖುದ್ದಾಗಿ ಬಂದರು. ಅವರು ಗಡಿಯಾರವನ್ನು ಕೇಳುವ ಮೊದಲು ಚೀಲದಿಂದ ನಮ್ಮದೇ ಫೋಟೊಗಳ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದರು. ಬ್ಯಾಕ್‌ನ ಒಳಮೈಯ ಫೋಟೊದಲ್ಲಿ ಅಂಚಿನ ಬಳಿ ಸೂಜಿಯಿಂದ ಗೀರಿದ ಅಂಕಿಗಳಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿದ್ದರು: 3.69. ರಿಪೇರಿ ಮಾಡಿದವರು ತಮ್ಮ ಗುರುತಿಗೆ ಗೀರುವ ತಾರೀಖು ಅದು. ಒಮ್ಮೆಯೂ ಬಿಚ್ಚಿಲ್ಲ ಎಂಬ ಮಾತನ್ನು ನಾನು ವಿವರಣೆಯಲ್ಲಿ ಬರೆದಿದ್ದೆ, ಅದನ್ನು ಸುಳ್ಳು ಮಾಡುವ ಫೋಟೊವನ್ನೂ ನಾನೇ ಅದರ ಪಕ್ಕದಲ್ಲಿ ಹಾಕಿದ್ದೆ.

ಆಮೇಲೆ ಅವರು ಲೂಪ್ ಕೇಳಿದರು. ಗಡಿಯಾರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಆರು ಗಂಟೆಯ ಕೆಳಗೆ ಬಹಳ ಹೊತ್ತು ನೋಡಿದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಯಜಮಾನರು ಲೆಕ್ಕದ ಪುಸ್ತಕ ಮುಚ್ಚಿ ನಮ್ಮ ಕಡೆ ತಿರುಗಿದ್ದರು, ಭಾಯ್ ಮಾತ್ರ ತಲೆ ಎತ್ತಲಿಲ್ಲ. ಆ ಮೂರು ನಾಲ್ಕು ನಿಮಿಷಗಳಲ್ಲಿ ನಾನು ಬಣ್ಣದ ವ್ಯತ್ಯಾಸಕ್ಕೆ ಕೊಡಬಹುದಾದ ಸಮಜಾಯಿಷಿಗಳನ್ನೆಲ್ಲ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಬೇರೆಯೇ. "ಇದರಲ್ಲಿ ಟಿ ಅಕ್ಷರ ಯಾಕಿದೆ?" ಎಂದು ಲೂಪನ್ನು ನನ್ನ ಕೈಗೆ ಕೊಟ್ಟರು. ಅಂಚಿನ ಉಂಗುರದ ಮರೆಯಲ್ಲಿ ಸ್ವಿಸ್ ಮೇಡ್ ಎಂಬ ಪದಗಳ ಎರಡೂ ಬದಿಗೆ ಒಂದೊಂದು ಪುಟ್ಟ ಟಿ ಇತ್ತು. ನೇರವಾಗಿ ನೋಡಿದಾಗ ನಾನು ಅವುಗಳನ್ನು ನಿಮಿಷದ ಗೆರೆಗಳೆಂದು ತಿಳಿದಿದ್ದೆ.

ಟಿ ಎಂದರೆ ಟ್ರಿಟಿಯಂ, ರೇಡಿಯಂನಂತೆ ಲ್ಯೂಮನ್ನು ಬೆಳಗಿಸಲು ಬೆರೆಸುತ್ತಿದ್ದ ವಿಕಿರಣಶೀಲ ವಸ್ತು. ಸ್ವಿಸ್ ಡಯಲ್‌ಗಳಲ್ಲಿ ಆ ಗುರುತು ಬಳಕೆಗೆ ಬಂದದ್ದು 1960ರ ದಶಕದಲ್ಲಿ. 1958ರ ಗಡಿಯಾರದಲ್ಲಿ ಇರಬೇಕಾದದ್ದು ರೇಡಿಯಂ. ಮುಳ್ಳುಗಳಲ್ಲಿ ಇದ್ದದ್ದು ಅದೇ. ಟ್ರಿಟಿಯಂನ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಕಾಲ) ಹನ್ನೆರಡು ವರ್ಷ ಚಿಲ್ಲರೆಯಾದ್ದರಿಂದ ಅದು ಎಂದೋ ಮಂಕಾಗಿತ್ತು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷವಾದರೂ ಬೆಳಗುವ ಜಿಂಕ್ ಸಲ್ಫೈಡ್ ಅದರ ಹೊಡೆತಕ್ಕೆ ಬೇಗ ಸಾಯುತ್ತದೆ. ಬೇರೆ ಬೇರೆ ಕಾರಣಕ್ಕೆ ಎರಡೂ ಕತ್ತಲಾಗಿದ್ದವು, ನಾನು ಆ ಕತ್ತಲನ್ನು ಒಂದೇ ವಯಸ್ಸೆಂದು ಓದಿಕೊಂಡಿದ್ದೆ. ಡಯಲ್ ನಕಲಿಯಲ್ಲ, ಒಮೆಗಾದ್ದೇ, ಸರ್ವಿಸ್‌ನಲ್ಲಿ ಬದಲಾಯಿಸಿದ್ದು. ಅಸಲಿ ಬೇರೆ, ಮೊದಲಿನಿಂದ ಇದ್ದದ್ದು ಬೇರೆ ಎಂಬ ವ್ಯತ್ಯಾಸಕ್ಕೆ ನಮ್ಮ ಫಾರಂನಲ್ಲಿ ಚೌಕವಿಲ್ಲ, ಅಂದು ನನ್ನ ತಲೆಯಲ್ಲಿಯೂ ಇರಲಿಲ್ಲ.

ಬ್ಯಾಂಕ್ ಉದ್ಯೋಗಿಗೆ ಫೋನ್ ಮಾಡಿದೆ. ಅವರು ತಾಯಿಯನ್ನು ವಿಚಾರಿಸಿ ಹತ್ತು ನಿಮಿಷದಲ್ಲಿ ತಿರುಗಿ ಕರೆದರು: ಒಂದು ಸಲ ಒಳಗೆ ನೀರು ಹೋಗಿತ್ತಂತೆ, ಬೊಂಬಾಯಿಗೆ ಕಳಿಸಿದ್ದರಂತೆ. ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಎಂಜಿನಿಯರ್ ಸ್ವರ ಏರಿಸಲಿಲ್ಲ, ಮುಂಗಡ ವಾಪಸ್ ಕೇಳಲೂ ಇಲ್ಲ. 56,000ಕ್ಕೆ ಕೊಡುವುದಾದರೆ ಒಯ್ಯುತ್ತೇನೆ, ಬಿಲ್ಲಿನಲ್ಲಿ ಡಯಲ್ ಬದಲಾಗಿದೆ ಎಂದು ಬರೆದುಕೊಡಿ ಎಂದರು. ಬ್ಯಾಂಕ್ ಉದ್ಯೋಗಿಯ ಒಪ್ಪಿಗೆ ಪಡೆದು ಬರೆದುಕೊಟ್ಟೆ. ಕಡಿಮೆಯಾದ ಕಮಿಷನ್ನನ್ನು ಯಜಮಾನರು ಆ ತಿಂಗಳು ನನ್ನ ಲೆಕ್ಕದಲ್ಲಿ ತೋರಿಸಿದರು. ಸಂಜೆಯೊಳಗೆ ಫೋಟೊ ಬೇಕೆಂದು ಅವಸರ ಮಾಡಿದ್ದು ಯಾವ ಲೆಕ್ಕದಲ್ಲಿಯೂ ಬರಲಿಲ್ಲ.

ಈಗ ಬಣ್ಣದ ಬಗ್ಗೆ ಭಾಯ್ ಏನಾದರೂ ಹೇಳಿದರೆ, ಗಡಿಯಾರ ಅಂದು ಫಾರಂ ಹತ್ತುವುದಿಲ್ಲ. ಡಯಲ್, ಮುಳ್ಳು, ಕೀಲಿ ಕೊಡುವ ಕ್ರೌನ್ ಒಂದೊಂದರ ಕಾಲವನ್ನೂ ಬೇರೆ ಬೇರೆಯಾಗಿ ಷರಾ ಕಾಲಂನಲ್ಲಿ ಬರೆಯುತ್ತೇನೆ. ಆ ಕಾಲಂ 200 ಅಕ್ಷರಕ್ಕೆ ಕತ್ತರಿಸಿಕೊಳ್ಳುತ್ತದೆಂದು ಆರು ತಿಂಗಳಿಂದ ಹೇಳುತ್ತಿದ್ದೇನೆ. ಕಳೆದ ವಾರದ ಗಡಿಯಾರದ ಷರಾ "ಮುಳ್ಳುಗಳು ಮೂಲದವು, ಡಯಲ್ ಮಾತ್ರ" ಎಂಬಲ್ಲಿಗೆ ನಿಂತಿತ್ತು. ಉಳಿದದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಟ್ಟು ಕಳಿಸಿದೆ.