ಈ ಚಳಿಗಾಲಕ್ಕೆ ಬ್ರೋಮಿನ್

ಹಿತ್ತಲಿನ ಹಾಟ್ ಟಬ್‌ನ (ಬಿಸಿನೀರಿನ ತೊಟ್ಟಿ) ನೀರಲ್ಲಿ ಕ್ರಿಮಿ ಕೊಲ್ಲೋಕೆ ಈ ಸಲ ಕ್ಲೋರಿನ್ ಬೇಡ, ಬ್ರೋಮಿನ್ ಹಾಕೋಣ ಅಂತ ತೀರ್ಮಾನ ಆಯ್ತು. ಊರಿಂದ ಅಮ್ಮ ಬಂದಿದ್ದಾರೆ. ಅಮೆರಿಕದ ಮಿನೆಸೋಟದ ಈ ಚಳಿಗೆ ಅವರ ಮಂಡಿನೋವಿಗೆ ಸಂಜೆ ಹತ್ತು ನಿಮಿಷ ಬಿಸಿನೀರಲ್ಲಿ ಕೂತರೆ ಎಷ್ಟೋ ಹಾಯೆನಿಸುತ್ತೆ.

ಈಜುಕೊಳದ ಲೆಕ್ಕ ಇಲ್ಲಿ ನಡೆಯಲ್ಲ. ನೀರು 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತೆ, ಮೇಲೆ ಗಾಳಿಗುಳ್ಳೆ ಬೇರೆ. ಕ್ಲೋರಿನ್ ಬೇಗ ಖರ್ಚಾಗಿಬಿಡುತ್ತೆ. ಲೀಜನೆಲ್ಲಾ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯೋದೂ ಇಂಥ ಬೆಚ್ಚನೆಯ ನೀರಲ್ಲೇ. ತುಂತುರಿನ ಜೊತೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ. ವಯಸ್ಸಾದವರಿಗೆ ಅದು ಸಣ್ಣ ವಿಷಯವಲ್ಲ.

ಬೆವರಿನ ಜೊತೆ ಸೇರಿ ಕ್ಲೋರಮೀನ್ ಆದ ಕ್ಲೋರಿನ್‌ಗೆ ಕಸುವು ಕಡಿಮೆ, ಕಣ್ಣುರಿ ಜಾಸ್ತಿ. ಬ್ರೋಮಿನ್ ಹಾಗಲ್ಲ, ಬೆರೆತ ಮೇಲೂ ಕ್ರಿಮಿ ಕೊಲ್ಲುತ್ತೆ. ಬೆಲೆ ಹೆಚ್ಚು, ಬಿಸಿಲಿಗೂ ತಡೆಯಲ್ಲ, ಆದರೆ ನಮ್ಮ ಟಬ್ ಮೇಲೆ ಸದಾ ಮುಚ್ಚಳ ಇರುತ್ತೆ.

ಅಮ್ಮ ಇಳಿಯೋ ಮುಂಚೆ ಪರೀಕ್ಷೆಯ ಪಟ್ಟಿ ಅದ್ದಿ, ಅದರ ಪುಟ್ಟ ಚೌಕಗಳ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ನೋಡ್ತೀನಿ. ಬ್ರೋಮಿನ್ 4ರಿಂದ 8 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.0ರಿಂದ 7.8 ಇರಬೇಕು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ನಂಬೋ ಹಾಗಿಲ್ಲ. ಊರಲ್ಲಿ ಬಾವಿ ಎಷ್ಟೇ ತಿಳಿಯಾಗಿದ್ದರೂ ಮಳೆಗಾಲ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿಸ್ತಿದ್ದ ಅಪ್ಪನ ಕಾಳಜಿ ಈಗ ಚೆನ್ನಾಗಿ ಅರ್ಥ ಆಗುತ್ತೆ.

ಮನೇಲಿ ಟಬ್ ಇರೋರಿಗೆ ಇನ್ನೊಂದು ಮಾತು: ಉಳಿದ ಕ್ಲೋರಿನ್ ಡಬ್ಬಿಯನ್ನು ಬ್ರೋಮಿನ್ ಪಕ್ಕ ಇಡಬೇಡಿ, ಎರಡಕ್ಕೂ ಒಂದೇ ಚಮಚ ಬಳಸಬೇಡಿ. ಬೆರೆತರೆ ಬೆಂಕಿ ಹತ್ತಿಕೊಳ್ಳಬಹುದು.