ಒಣದ್ರಾಕ್ಷಿ ಪೆಟ್ಟಿಗೆಯ ಪ್ರಗತಿ: ಶಾಖ ಸಾಕಾದ ಮೇಲೂ ಹೊರಡದ ನೀರು

ಜನವರಿ: ಲೆಕ್ಕ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ಬೆಳೆಗಾರರು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣದ್ರಾಕ್ಷಿ ಮಾಡುವ ರೀತಿ ಈ ಭಾಗದವರಿಗೆ ಹೊಸದಲ್ಲ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆದು, ಶೆಡ್ಡಿನಲ್ಲಿ ಒಂದರ ಮೇಲೊಂದು ಬಿಗಿದ ಬಲೆಗಳ ಮೇಲೆ ಹರವಿ, ನೆರಳಿನಲ್ಲಿ ಗಾಳಿಗೆ ಬಿಡುತ್ತಾರೆ. ಎರಡು ವಾರ, ಕೆಲವೊಮ್ಮೆ ಮೂರು ವಾರ ಬೇಕಾಗುತ್ತದೆ. ಅಷ್ಟರೊಳಗೆ ಅಕಾಲಿಕ ಮಳೆ ಬಿದ್ದರೆ ಮಾಲು ಕಪ್ಪಾಗಿ ದರ ಇಳಿಯುತ್ತದೆ. ಶೆಡ್ಡಿಗೆ ಪರ್ಯಾಯ ಕಂಡುಹಿಡಿಯುವುದು ನನ್ನ ಉದ್ದೇಶವಲ್ಲ. 20 ಕಿಲೋ ಹಣ್ಣು ಹಿಡಿಯುವ ಸೌರ ಪೆಟ್ಟಿಗೆಯೊಂದನ್ನು ಮನೆಯ ಮಾಳಿಗೆಯ ಮೇಲೆ ಕಟ್ಟಿ, ಒಣಗುವ ವೇಗಕ್ಕೆ ಅಡ್ಡವಾಗಿ ನಿಂತಿರುವುದು ಶಾಖದ ಕೊರತೆಯೋ, ಗಾಳಿಯ ಕೊರತೆಯೋ ಅಥವಾ ಹಣ್ಣಿನೊಳಗಿನ ತಡೆಯೋ ಎಂಬುದನ್ನು ಅಳೆದು ತಿಳಿಯಬೇಕೆಂಬುದಷ್ಟೇ ಈ ಹವ್ಯಾಸದ ಗುರಿ.

ತಗಡು, ಗಾಜು ಕೊಳ್ಳುವ ಮೊದಲು ಕಾಗದದ ಮೇಲೆ ಶಾಖದ ಲೆಕ್ಕ ಹಾಕಿದೆ. ತಾಜಾ ದ್ರಾಕ್ಷಿಯ ತೂಕದಲ್ಲಿ ಶೇ. 80ರಷ್ಟು ನೀರಿದೆ ಎಂದುಕೊಂಡರೆ 20 ಕಿಲೋ ಹಣ್ಣಿನಲ್ಲಿ ಒಣ ಪದಾರ್ಥ 4 ಕಿಲೋ. ಒಣದ್ರಾಕ್ಷಿಯಲ್ಲಿ ಶೇ. 15ರಷ್ಟು ತೇವ ಉಳಿಯಬೇಕು, ಅಂದರೆ ಕೊನೆಗೆ ಸಿಗುವ ತೂಕ 4.7 ಕಿಲೋ, ಉಳಿದ 15.3 ಕಿಲೋ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋ ನೀರಿನ ಆವೀಕರಣಕ್ಕೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,400 ಕಿಲೋಜೂಲ್ ಸುಪ್ತಶಾಖ ಬೇಕಾಗುವುದರಿಂದ ಒಟ್ಟು ಬೇಡಿಕೆ ಸುಮಾರು 10 ಯೂನಿಟ್, ಅಂದರೆ 10 ಕಿಲೋವ್ಯಾಟ್ ಗಂಟೆ. ಬೇಸಿಗೆಯ ಹೊಸ್ತಿಲಲ್ಲಿ ನಮ್ಮಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ 6 ಯೂನಿಟ್ ಬಿಸಿಲು ಸಿಗುತ್ತದೆಂದು ಹಿಡಿದು, ಅದರಲ್ಲಿ ಶೇ. 40ರಷ್ಟು ಮಾತ್ರ ಗಾಳಿಗೆ ಸೇರುತ್ತದೆಂದುಕೊಂಡರೂ, ಬಿಸಿಲಿನಿಂದ ಗಾಳಿಯನ್ನು ಕಾಯಿಸುವ 2 ಚದರ ಮೀಟರಿನ ಸಂಗ್ರಾಹಕ ದಿನಕ್ಕೆ 4.8 ಯೂನಿಟ್ ಕೊಡುತ್ತದೆ. ಶಾಖ ಒಂದೇ ಅಡ್ಡಿಯಾಗಿದ್ದರೆ ಮೂರನೆಯ ದಿನಕ್ಕೆ ಮಾಲು ಚೀಲಕ್ಕೆ ತುಂಬುವಂತಿರಬೇಕು.

ಈ ಲೆಕ್ಕವನ್ನು ತೋರಿಸಿದಾಗ ನನಗೆ ಹಣ್ಣು ಕೊಡುವ ಬೆಳೆಗಾರ ಅಣ್ಣ ನಕ್ಕು, “ಬಿಸಲಿಗೇನ ಬರಗಾಲ ರೀ ನಮ್ಮ ಕಡೆ? ಗಾಳಿ ಆಡಬೇಕ್ರೀ ಸರ” ಎಂದರು. ಅವರ ಮಾತು ಎಷ್ಟರಮಟ್ಟಿಗೆ ನಿಜ ಎಂಬುದೇ ಮುಂದಿನ ಎರಡು ತಿಂಗಳ ಕೆಲಸವಾಯಿತು.

ಫೆಬ್ರುವರಿ: ಕಟ್ಟಿದ್ದು

ಸಂಗ್ರಾಹಕಕ್ಕೆ ಕಪ್ಪು ಬಣ್ಣ ಬಳಿದ ಏಣು ತಗಡು, ಮೇಲೆ ಗಾಜು, ಕೆಳಗೆ ಶಾಖ ಸೋರದಂತೆ ಗ್ಲಾಸ್‌ವುಲ್. ವಿಜಯಪುರ ಹೆಚ್ಚುಕಡಿಮೆ 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ದಕ್ಷಿಣಕ್ಕೆ 17 ಡಿಗ್ರಿ ಇಳಿಜಾರು ಕೊಟ್ಟೆ. ಬಿಸಿಯಾದ ಗಾಳಿ ಪ್ಲೈವುಡ್ ಪೆಟ್ಟಿಗೆಯ ಕೆಳಭಾಗದಿಂದ ಒಳಹೊಕ್ಕು, ಬಲೆಯ ಟ್ರೇಗಳ ನಡುವೆ ಏರಿ, ಮೇಲಿನ ಕೊಳವೆಯಿಂದ ಹೊರಹೋಗುತ್ತದೆ. ಸೌರಫಲಕದಿಂದ ನಡೆಯುವ 12 ವೋಲ್ಟಿನ ಎರಡು ಫ್ಯಾನ್‌ಗಳು ಗಾಳಿಯನ್ನು ಎಳೆಯುತ್ತವೆ. ಹಣ್ಣಿನ ಮೇಲೆ ನೇರ ಬಿಸಿಲು ಬೀಳುವುದಿಲ್ಲ; ಹಸಿರು ಬಣ್ಣ ಉಳಿಯಬೇಕಾದರೆ ಅದು ಕಡ್ಡಾಯ.

ಕಟ್ಟುವ ಕೆಲಸಕ್ಕಿಂತ ಅಳೆಯುವ ಕೆಲಸ ಹೆಚ್ಚು ಸಮಯ ತೆಗೆದುಕೊಂಡಿತು. ತೂಕದ ಇಳಿಕೆಯೇ ಮುಖ್ಯ ಮಾಪನವಾದ್ದರಿಂದ ಒಂದು ಟ್ರೇಯನ್ನು ತೆಳು ತಂತಿಗಳಿಂದ ತೂಗುಹಾಕಿ, ತಂತಿಯ ಮೇಲ್ತುದಿಯನ್ನು ತೂಕ ಅಳೆಯುವ ಸಂವೇದಕವಾದ ಲೋಡ್‌ಸೆಲ್‌ಗೆ ಕಟ್ಟಿದ್ದೇನೆ. ತಾಪಮಾನ ಏರಿದಂತೆ ಲೋಡ್‌ಸೆಲ್‌ನ ಓದು ಸರಿಯುವುದರಿಂದ ಅದನ್ನು ಪೆಟ್ಟಿಗೆಯ ಹೊರಗೆ, ನೆರಳಿನಲ್ಲಿ ಇರಿಸಲಾಗಿದೆ. ಕೆಳಗಿನಿಂದ ಏರುವ ಗಾಳಿ ಟ್ರೇಯನ್ನು ತುಸು ಎತ್ತುತ್ತದೆ. ಆದ್ದರಿಂದ ತೂಕ ಓದುವ ಅರ್ಧ ನಿಮಿಷ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಫಲಕ ಫ್ಯಾನನ್ನು ನಿಲ್ಲಿಸುತ್ತದೆ. ಗಾಳಿಯ ತಾಪಮಾನ ಮತ್ತು ಸಾಪೇಕ್ಷ ಆರ್ದ್ರತೆಯನ್ನು ಒಳಬರುವಲ್ಲಿ, ಹೊರಹೋಗುವಲ್ಲಿ ದಾಖಲಿಸುತ್ತೇನೆ. ಇದರ ಜೊತೆಗೆ ಒಂದು ಹಣ್ಣಿನ ತೊಟ್ಟಿನ ತುದಿಯಿಂದ ಒಳಕ್ಕೆ ತೂರಿಸಿದ ಥರ್ಮೋಕಪಲ್, ಅಂದರೆ ತಾಪಮಾನ ಅಳೆಯುವ ತಂತಿ ಇದೆ. ಬೇರೆಲ್ಲ ಸಂವೇದಕಗಳಿಗಿಂತ ಹೆಚ್ಚು ವಿಷಯ ತಿಳಿಸಿದ್ದು ಈ ಒಂದು ತಂತಿ.

ಮಾರ್ಚ್: ಹಣ್ಣಿನ ತಾಪಮಾನ ಹೇಳಿದ ವಿಷಯ

ಮಧ್ಯಾಹ್ನ ಹೊರಗಿನ ಗಾಳಿ 35 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 25 ಇದ್ದರೆ, ಅದೇ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದಾಗ ಆರ್ದ್ರತೆ ಶೇ. 11ರ ಆಸುಪಾಸಿಗೆ ಇಳಿಯುತ್ತದೆ. ಅಂಥ ಒಂದು ಕಿಲೋ ಗಾಳಿ ಪೂರ್ತಿ ತಣಿದು ತೇವದಿಂದ ತುಂಬುವವರೆಗೆ ಸುಮಾರು 10 ಗ್ರಾಂ ನೀರನ್ನು ಹೊತ್ತೊಯ್ಯಬಲ್ಲದು. ಹಣ್ಣಿನ ಮೇಲ್ಮೈ ನಿಜವಾಗಿಯೂ ಒದ್ದೆಯಾಗಿದ್ದರೆ ಅದರ ತಾಪಮಾನ ಆರ್ದ್ರಬಲ್ಬ್ ತಾಪಮಾನದ (ಆ ಗಾಳಿಯಲ್ಲಿ ಒದ್ದೆ ಮೇಲ್ಮೈ ತಣಿಯಬಹುದಾದ ಮಿತಿಯ) ಹತ್ತಿರ, ಅಂದರೆ 24 ಡಿಗ್ರಿಯ ಸುತ್ತಮುತ್ತ ನಿಲ್ಲಬೇಕು. ಬರುವ ಶಾಖವೆಲ್ಲ ಆವಿಯಾಗುವುದಕ್ಕೇ ಖರ್ಚಾಗಿ, ಹಣ್ಣು ಬಿಸಿಯಾಗಲು ಏನೂ ಉಳಿಯುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಣ್ಣಿನ ಹರವಿಯ ನೀರು ತಣ್ಣಗಿರುವುದಕ್ಕೂ ಕಾರಣ ಇದೇ.

ದ್ರಾಕ್ಷಿ ಹಾಗೆ ನಡೆದುಕೊಳ್ಳಲಿಲ್ಲ. ಅದ್ದಿದ ದ್ರಾವಣ ಮೇಲ್ಮೈಯಲ್ಲಿ ಇರುವವರೆಗೆ ಮಾತ್ರ ಥರ್ಮೋಕಪಲ್ 30 ಡಿಗ್ರಿಗಿಂತ ಕೆಳಗೆ ಇತ್ತು. ಆ ತೇವ ಆರಿದೊಡನೆ ಏರತೊಡಗಿ, ಪೆಟ್ಟಿಗೆಯ ಗಾಳಿಗಿಂತ ನಾಲ್ಕೈದು ಡಿಗ್ರಿ ಕಡಿಮೆ ಇರುವಲ್ಲಿ ನಿಂತಿತು. ಅದ್ದದೆ ಇಟ್ಟ ಹಣ್ಣಿನಲ್ಲಿ ಈ ಅಂತರ ಒಂದು ಡಿಗ್ರಿಯಷ್ಟೇ. ಹಣ್ಣು ಹೆಚ್ಚುಕಡಿಮೆ ಗಾಳಿಯಷ್ಟೇ ಬಿಸಿಯಾಗಿದೆ ಎಂದರೆ ಶಾಖ ಬಂದು ಬಾಗಿಲಲ್ಲಿ ಕಾಯುತ್ತಿದೆ, ನೀರು ಒಳಗಿನಿಂದ ಹೊರಡುತ್ತಿಲ್ಲ ಎಂದೇ ಅರ್ಥ.

ಇದಕ್ಕೆ ಕಾರಣ ಎರಡು ಸಂಖ್ಯೆಗಳಲ್ಲಿದೆ. ದ್ರಾಕ್ಷಿಯಂಥ ನೀರುತುಂಬಿದ ಹಣ್ಣಿನಲ್ಲಿ ಶಾಖದ ವಿಸರಣಾಂಕ, ಅಂದರೆ ಅದು ಹರಡುವ ವೇಗದ ಅಳತೆ, ಸೆಕೆಂಡಿಗೆ ಸುಮಾರು 1.3 × 10⁻⁷ ಚದರ ಮೀಟರ್. ಒಣಗುತ್ತಿರುವ ದ್ರಾಕ್ಷಿಯಿಂದ ನೀರು ಹೊರಬರುವ ಪರಿಣಾಮಕಾರಿ ವಿಸರಣಾಂಕವಾದರೋ 10⁻¹⁰ರ ದರ್ಜೆಯದು, ಅನೇಕ ಸಲ ಅದಕ್ಕಿಂತಲೂ ಕಡಿಮೆ. ಶಾಖ ಒಳಹೋಗುವುದು ನೀರು ಹೊರಬರುವುದಕ್ಕಿಂತ ಸಾವಿರ ಪಟ್ಟು ಸಲೀಸು. 15 ಮಿಲಿಮೀಟರ್ ವ್ಯಾಸದ ಗೋಲವೆಂದು ಭಾವಿಸಿ, 1855ರಲ್ಲಿ ಅಡಾಲ್ಫ್ ಫಿಕ್ ಕೊಟ್ಟ ವಿಸರಣ ನಿಯಮವನ್ನು ಹಚ್ಚಿದರೆ, ಒಳಗಿನ ತೇವ ಮೂರರಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾಗುವ ಕಾಲ ಹದಿನೈದು ಗಂಟೆಗಳ ಆಚೀಚೆ ಬರುತ್ತದೆ, ಮತ್ತು ಆ ಇಳಿಕೆ ಒಮ್ಮೆಯಲ್ಲ, ಸುಮಾರು ಮೂರು ಸಲ ನಡೆಯಬೇಕು. ಬಿಸಿಲಿರುವ ಗಂಟೆಗಳನ್ನಷ್ಟೇ ಎಣಿಸಿದರೆ ಮೂರು ದಿನದ ಕನಸು ಒಂದು ವಾರವಾಗುವುದು ಹೀಗೆ.

ತಡೆಯ ಬಹುಪಾಲು ಸಿಪ್ಪೆಯ ಮೇಲಿನ ಮೇಣದ ಪದರದಲ್ಲಿದೆ. ಮೆಡಿಟರೇನಿಯನ್ ತೀರದ ಜನ ಬಹಳ ಹಿಂದೆಯೇ ಬೂದಿನೀರಿಗೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿಯನ್ನು ಅದ್ದುತ್ತಿದ್ದರು. ಇಂದಿನ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ (ಡಿಪ್ಪಿಂಗ್ ಆಯಿಲ್‌ನ ಮುಖ್ಯ ಅಂಶ) ಅದರದೇ ಶುದ್ಧಗೊಂಡ ರೂಪ. ಕ್ಷಾರವೂ ಎಣ್ಣೆಯ ಅಂಶವೂ ಸೇರಿ ಮೇಣದ ಹಾಳೆಗಳ ನಡುವೆ ನೀರಿಗೆ ದಾರಿ ಮಾಡಿಕೊಡುತ್ತವೆ, ಸಿಪ್ಪೆ ಮಾತ್ರ ಹರಿಯುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟ ಟ್ರೇಗಳಲ್ಲಿ, ಅದ್ದಿದ ಹಣ್ಣು ತೂಕದಲ್ಲಿ ಅರ್ಧಕ್ಕೆ ಇಳಿದಾಗ ಅದ್ದದ ಹಣ್ಣು ಐದನೆಯ ಒಂದು ಪಾಲನ್ನು ಮಾತ್ರ ಕಳೆದುಕೊಂಡಿತ್ತು. ಗಾಜು, ತಗಡು, ಫ್ಯಾನುಗಳಿಗೆ ನಾನು ಖರ್ಚು ಮಾಡಿದ್ದನ್ನೆಲ್ಲ ಒಟ್ಟುಗೂಡಿಸಿದರೂ ಆ ಒಂದು ಬಕೆಟ್ ದ್ರಾವಣದಷ್ಟು ಕೆಲಸ ಆಗಿಲ್ಲ ಎಂಬುದನ್ನು ಎಂಜಿನಿಯರುಗಳು ಸ್ವಲ್ಪ ವಿನಯದಿಂದ ಒಪ್ಪಬೇಕು.

ಮಾರ್ಚ್ ಕೊನೆ: ಫ್ಯಾನಿನ ಪ್ರಶ್ನೆ

ಬೆಳೆಗಾರ ಅಣ್ಣನ ಮಾತಿಗೆ ಈಗ ಉತ್ತರ ಸಿಕ್ಕಿದೆ. ಮೊದಲ ಕೆಲವು ಗಂಟೆಗಳಲ್ಲಿ, ಮೇಲ್ಮೈಯ ತೇವ ಹೋಗುವಾಗ, ಗಾಳಿಯ ಹರಿವನ್ನು ಇಮ್ಮಡಿಸಿದರೆ ತೂಕದ ಇಳಿಕೆ ಸ್ಪಷ್ಟವಾಗಿ ಚುರುಕಾಗುತ್ತದೆ. ಅಲ್ಲಿಂದಾಚೆಗೆ ಅದೇ ಹೆಚ್ಚುವರಿ ಗಾಳಿ ಹಾನಿಯನ್ನೇ ಮಾಡುತ್ತದೆ. ಸಂಗ್ರಾಹಕ ಕೊಡುವ ಶಾಖ ಅಷ್ಟೇ ಇರುವಾಗ ಗಾಳಿ ಇಮ್ಮಡಿಯಾದರೆ ತಾಪಮಾನದ ಏರಿಕೆ 15 ಡಿಗ್ರಿಯಿಂದ 8ಕ್ಕೆ ಇಳಿಯುತ್ತದೆ, ಹಣ್ಣು ತಂಪಾಗುತ್ತದೆ, ಒಳಗಿನ ವಿಸರಣೆ ತಾಪಮಾನಕ್ಕೆ ಘಾತೀಯವಾಗಿ ಅಂಟಿಕೊಂಡಿರುವುದರಿಂದ ನಿಧಾನವಾಗುತ್ತದೆ. 40ರಿಂದ 50 ಡಿಗ್ರಿಗೆ ಹೋದರೆ ಆ ವೇಗ ಒಂದೂವರೆ ಪಟ್ಟಿಗೂ ತುಸು ಹೆಚ್ಚಾಗುತ್ತದೆಂದು ನನ್ನ ದಾಖಲೆಗಳೂ ಹೇಳುತ್ತವೆ. ಹಾಗೆಂದು 60 ದಾಟಿಸುವಂತಿಲ್ಲ, ಬಣ್ಣ ಕಂದುತ್ತದೆ. ವ್ಯಾಪಾರಿ ಮೊದಲು ನೋಡುವುದೇ ಬಣ್ಣವನ್ನು.

ತೂಕದ ದಾಖಲೆಯನ್ನು ಮೊದಲು 1921ರಲ್ಲಿ ಡಬ್ಲ್ಯು. ಕೆ. ಲೂಯಿಸ್ ಸೂಚಿಸಿದ ಸರಳ ಘಾತೀಯ ಸೂತ್ರಕ್ಕೆ (ಉಳಿದ ತೇವ ಪ್ರತಿ ಗಂಟೆಗೆ ಒಂದೇ ಪಾಲಿನಷ್ಟು ಇಳಿಯುತ್ತದೆ ಎನ್ನುವುದಕ್ಕೆ) ಹೊಂದಿಸಿದೆ. ಆರಂಭದಲ್ಲಿ ಚೆನ್ನಾಗಿ ಕೂಡಿತು, ಕೊನೆಯಲ್ಲಿ ಬಿಟ್ಟುಕೊಂಡಿತು. ಮೆಕ್ಕೆಜೋಳದ ಕಾಳು ಒಣಗಿಸುವುದಕ್ಕಾಗಿ 1949ರಲ್ಲಿ ಪೇಜ್ ಸೇರಿಸಿದ ಇನ್ನೊಂದು ಘಾತಾಂಕವನ್ನು ಬಳಸಿದಾಗ ಇಡೀ ರೇಖೆ ಕೂಡುತ್ತದೆ. ಆದರೆ ಆ ಘಾತಾಂಕಕ್ಕೆ ಭೌತಿಕ ಅರ್ಥ ಹಚ್ಚಲು ಹೋಗಬಾರದು: ಹಣ್ಣು ಕುಗ್ಗುತ್ತದೆ, ಸುಕ್ಕುಗಟ್ಟುತ್ತದೆ, ಒಳಗಿನ ರಸ ಸಕ್ಕರೆಪಾಕದಂತೆ ಗಟ್ಟಿಯಾಗುತ್ತದೆ, ಇವೆಲ್ಲವನ್ನೂ ಒಂದೇ ಅಂಕಿ ನುಂಗಿಕೊಂಡಿರುತ್ತದೆ.

ಏಪ್ರಿಲ್: ರಾತ್ರಿ

ಶೇ. 15ರಷ್ಟು ತೇವದ ಒಣದ್ರಾಕ್ಷಿ ಸಕ್ಕರೆಯ ಕಾರಣದಿಂದ, ಸುತ್ತಲಿನ ಆರ್ದ್ರತೆ ಸುಮಾರು ಶೇ. 60 ದಾಟಿದರೆ ನೀರನ್ನು ಮರಳಿ ಹೀರತೊಡಗುತ್ತದೆ. ಮಳೆಯ ಮಾರನೆಯ ಬೆಳಗಿನ ಜಾವ ಈ ಮಿತಿ ಸುಲಭವಾಗಿ ದಾಟುತ್ತದೆ, ಲೋಡ್‌ಸೆಲ್‌ನ ರೇಖೆ ಮೇಲಕ್ಕೆ ಬಾಗಿದ್ದೂ ಕಂಡಿತು. ಹಗಲಿನ ಶಾಖವನ್ನು ರಾತ್ರಿಗೆ ಉಳಿಸಲು 100 ಕಿಲೋ ಕರಿಕಲ್ಲಿನ ಖಡಿ ಹಾಕಿ ನೋಡಿದೆ. ಆ ಕಲ್ಲು 20 ಡಿಗ್ರಿ ತಣಿದರೆ ಸಿಗುವುದು ಅರ್ಧ ಯೂನಿಟ್‌ಗಿಂತ ಕಡಿಮೆ, ಅದರಿಂದ ಮುಕ್ಕಾಲು ಕಿಲೋ ನೀರೂ ಆವಿಯಾಗದು. ಒಣಗಿಸುವ ಸಾಧನವಾಗಿ ಅದು ನಿಷ್ಪ್ರಯೋಜಕ. ಬಾಗಿಲು ಮುಚ್ಚಿದ ಪೆಟ್ಟಿಗೆಯನ್ನು ತುಸು ಬೆಚ್ಚಗಿಡಲು ಮಾತ್ರ ಸಾಕಷ್ಟಾಗುತ್ತದೆ: 22 ಡಿಗ್ರಿಯಲ್ಲಿ ಶೇ. 65 ಇದ್ದ ಆರ್ದ್ರತೆ 30 ಡಿಗ್ರಿಯಲ್ಲಿ ಶೇ. 40ಕ್ಕೆ ಇಳಿಯುತ್ತದೆ. ಆದ್ದರಿಂದ ಖಡಿ ಉಳಿಯಿತು, ಸಂಜೆ ಎರಡೂ ಬಾಯಿಗಳನ್ನು ಮುಚ್ಚುವ ಪದ್ಧತಿಯೂ ಸೇರಿಕೊಂಡಿತು.

ಸದ್ಯ ಕೈಯಲ್ಲಿರುವ ಕೆಲಸ ಗಾಳಿಯ ಮರುಬಳಕೆ. ಕೊನೆಯ ದಿನಗಳಲ್ಲಿ ಕೊಳವೆಯಿಂದ ಹೊರಬೀಳುವ ಗಾಳಿ ಇನ್ನೂ ಬಿಸಿಯಾಗಿ, ಒಣಗಿಯೇ ಇರುತ್ತದೆ. ಅದರ ಮುಕ್ಕಾಲು ಭಾಗವನ್ನು ಸಂಗ್ರಾಹಕಕ್ಕೆ ಹಿಂತಿರುಗಿಸಲು ತಗಡಿನ ಕವಾಟವೊಂದನ್ನು ಮಾಡಿಸಿದ್ದೇನೆ. ಅದನ್ನು ತಿರುಗಿಸುವ ಸರ್ವೋ ಮೋಟಾರು ಗಡಿಯಾರವನ್ನು ನೋಡದೆ, ಗಾಳಿ ಮತ್ತು ಹಣ್ಣಿನ ನಡುವಿನ ತಾಪಮಾನದ ಅಂತರವನ್ನು ನೋಡಿ ನಡೆಯುವಂತೆ ಪ್ರೋಗ್ರಾಂ ಬರೆಯುತ್ತಿದ್ದೇನೆ: ಅಂತರ ಐದು ಡಿಗ್ರಿಗಿಂತ ಹೆಚ್ಚಿದ್ದರೆ ಹೊಸ ಗಾಳಿ ಪೂರ್ತಿ, ಎರಡಕ್ಕಿಂತ ಕಡಿಮೆಯಾದರೆ ಮರುಬಳಕೆ. ಈ ಹಂಗಾಮಿನ ಕೊನೆಯ ಹಣ್ಣು ಸಿಗುವುದರೊಳಗೆ ಇದನ್ನು ಒಮ್ಮೆ ಓಡಿಸಿ, ಮರುಬಳಕೆಯಿಲ್ಲದ ಓಟದ ರೇಖೆಯೊಂದಿಗೆ ಹೋಲಿಸಬೇಕು.