ಚೇರ್ ಬಂದ ದಿನವೇ ಟೈಲ್ಸ್ ಒಡೆಸಿದೆ

2016ರ ಜೂನ್. ಚಳ್ಳಕೆರೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಮೊದಲ ಹಲ್ಲಿನ ಕ್ಲಿನಿಕ್ ಸಿದ್ಧವಾಗಿತ್ತು. ಸಿದ್ಧವಾಗಿದೆ ಅಂತ ನಾನು ಅಂದುಕೊಂಡಿದ್ದೆ. ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಎರಡು ವಾರವಾಗಿತ್ತು. ಫಾಲ್ಸ್ ಸೀಲಿಂಗಿನಲ್ಲಿ ಹಳದಿ ಸ್ಪಾಟ್‌ಲೈಟುಗಳು, ರಿಸೆಪ್ಷನ್ ಟೇಬಲ್ಲಿಗೆ ಕರಿ ಗ್ರಾನೈಟು. ಆರು ಜನ ಹಮಾಲರು ಡೆಂಟಲ್ ಚೇರನ್ನು ಮೆಟ್ಟಿಲಲ್ಲಿ ಹೊತ್ತು ತಂದು ಇಳಿಸಿದರು. ಬೆಂಗಳೂರಿನಿಂದ ಬಂದಿದ್ದ ಟೆಕ್ನಿಷಿಯನ್ ಹುಡುಗ ರೂಮನ್ನೊಮ್ಮೆ ಸುತ್ತು ಹಾಕಿ, "ಮೇಡಂ, ಲೈನ್ ಎಲ್ಲಿಗೆ ತಂದಿದೀರ?" ಅಂದ.

ನಾನು ಗೋಡೆ ಮೂಲೆಯ ನಲ್ಲಿ ತೋರಿಸಿದೆ. ಅವನು ನಗಲಿಲ್ಲ, ಅದೇ ದೊಡ್ಡತನ. ನೀರು, ಕಂಪ್ರೆಸರ್ ಗಾಳಿ, ಉಗುಳಿದ ನೀರು ಹೋಗುವ ಡ್ರೈನ್, ಕರೆಂಟು, ಈ ನಾಲ್ಕೂ ನೆಲದೊಳಗಿಂದ ಬಂದು ಚೇರಿನ ಬುಡದ ಒಂದೇ ಜಾಗದಲ್ಲಿ ಮೇಲೇಳಬೇಕು. ಐದು ವರ್ಷ ಬಿಡಿಎಸ್ ಓದಿದ್ದೆ, ಎರಡು ವರ್ಷ ದಾವಣಗೆರೆಯಲ್ಲಿ ಬೇರೆಯವರ ಕ್ಲಿನಿಕ್ಕಿನಲ್ಲಿ ದುಡಿದಿದ್ದೆ. ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ಚೇರಿನ ಬುಡ ಬಗ್ಗಿ ನೋಡಿದವಳಲ್ಲ. ಕಂಪನಿಯವರು ಅಳತೆಯ ಡ್ರಾಯಿಂಗನ್ನು ತಿಂಗಳ ಹಿಂದೆಯೇ ಮೇಲ್ ಮಾಡಿದ್ದರಂತೆ. ಹುಡುಕಿದೆ, ಇತ್ತು. ತೆರೆದೇ ಇರಲಿಲ್ಲ.

ಸರಿ, ಹೊಸ ಟೈಲ್ಸ್ ಒಡೆಸಿದ್ದಾಯಿತು. ಆದರೆ ಮೇಲಿನ ಮಹಡಿ, ಕೆಳಗೆ ಇರುವುದು ಸ್ಲ್ಯಾಬು. ಎರಡು ಇಂಚಿಗಿಂತ ಹೆಚ್ಚು ಕೆರೆಯುವ ಹಾಗಿಲ್ಲ, ಕೆರೆದರೂ ಕೆಳಗಿನ ಅಂಗಡಿಯ ಸೀರೆಗಳ ಮೇಲೆ ನಮ್ಮ ಪೇಷಂಟು ಉಗುಳಿದ ನೀರು ತೊಟ್ಟಿಕ್ಕಿದರೆ ಅವತ್ತೇ ಜಾಗ ಖಾಲಿ ಮಾಡಬೇಕಿತ್ತು. ಕೊನೆಗೆ ಮೇಸ್ತ್ರಿ ಹೇಳಿದ ದಾರಿಯೇ ಗತಿ: ಚೇರಿರುವ ಭಾಗವನ್ನೆಲ್ಲ ಐದು ಇಂಚು ಎತ್ತರಿಸಿ ಕಟ್ಟೆ ಮಾಡಿ, ಪೈಪುಗಳನ್ನು ಅದರೊಳಗೆ ಹಾಯಿಸುವುದು. ಮೊದಲ ವಾರವೇ ಅಜ್ಜಿಯೊಬ್ಬರು ಆ ಕಟ್ಟೆ ಎಡವಿ ನನ್ನ ಮೇಲೆಯೇ ಬಿದ್ದರು. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಆಮೇಲೆ ಅಂಚಿಗೆ ಹಳದಿ ಪಟ್ಟಿ ಬಂತು, ಅದರ ಪಕ್ಕ ಇಳಿಜಾರು ಬಂತು, ಇಳಿಜಾರಿಗೆ ಜಾಗ ಬೇಕೆಂದು ಕೈತೊಳೆಯುವ ಸಿಂಕು ಮೂಲೆ ಸೇರಿತು.

ಇದರ ನಡುವೆ ಅಪ್ಪ ಬಂದು ನೋಡಿ, "ಪೇಷಂಟಿನ ತಲೆ ಉತ್ತರಕ್ಕೆ ಬರ್ತದಲ್ಲಮ್ಮ?" ಅಂದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತ ಬೆಳೆದ ಊರಿನ ಜನರನ್ನೇ ತಾನೆ ನಾನು ಮಲಗಿಸಬೇಕಿರುವುದು? ಚೇರನ್ನು ತಿರುಗಿಸಿದೆವು. ಪೈಪು ಆಗಲೇ ಹಾಕಿಯಾಗಿತ್ತು, ಹಾಗಾಗಿ ಲೈನುಗಳ ಬಾಕ್ಸು ಅಸಿಸ್ಟೆಂಟ್ ಕಾಲಿಡುವ ಕಡೆಗೆ ಬಂತು. ಆರು ವರ್ಷ ಆ ಹುಡುಗಿ ಅದರ ಮೇಲೆ ಒಂದು ಕಾಲು ಮಡಚಿಟ್ಟುಕೊಂಡೇ ಕೆಲಸ ಮಾಡಿದಳು. ವಾಸ್ತುವಿನ ಮಾತು ಮನೆಯಲ್ಲಿ ಬರುವುದಿದ್ದರೆ ನೆಲ ಅಗೆಯುವ ಮೊದಲೇ ಬಂದುಬಿಡಲಿ, ಹಿರಿಯರನ್ನು ಖಾಲಿ ಜಾಗಕ್ಕೇ ಕರೆದುಕೊಂಡು ಹೋಗಿ ಕೇಳಿಬಿಡಿ ಅಂತ ಈಗ ಜೂನಿಯರುಗಳಿಗೆ ಹೇಳುತ್ತೇನೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನೋಟ್‌ಬುಕ್ಕಿನಲ್ಲಿ ನಾನು ಬರೆದ ಬಜೆಟ್ 11 ಲಕ್ಷ. ಖರ್ಚಾದದ್ದು 14 ಲಕ್ಷ 30 ಸಾವಿರ. ಹೆಚ್ಚಾದದ್ದು ಚೇರಿನಲ್ಲಿ ಅಲ್ಲ, ಎಕ್ಸ್‌ರೇಯಲ್ಲಿ ಅಲ್ಲ, ಅವುಗಳ ರೇಟು ಮೊದಲೇ ಗೊತ್ತಿತ್ತು. ಎರಡೂವರೆ ಲಕ್ಷ ಅಂದುಕೊಂಡಿದ್ದ ಇಂಟೀರಿಯರ್ ನಾಲ್ಕು ಲಕ್ಷ 60 ಸಾವಿರಕ್ಕೆ ನಿಂತಿತು. ಅದರಲ್ಲಿ ಒಡೆದು ಮತ್ತೆ ಕಟ್ಟಿದ್ದಕ್ಕೇ 65 ಸಾವಿರ. ಕೊಟೇಷನ್ನಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ತೆರಿಗೆ, ಸಾಗಣೆ, ಹಮಾಲಿ, ಇವನ್ನು ನಾನು ಕೂಡಿಸಿಯೇ ಇರಲಿಲ್ಲ. ಈಗ ಜಿಎಸ್‌ಟಿ ಕಾಲದಲ್ಲೂ ಇದೇ ಕಥೆ. ನಮ್ಮ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆದ್ದರಿಂದ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಅಂತ ವಾಪಸ್ ಪಡೆಯಲು ಬರುವುದಿಲ್ಲ. ಅದು ನಮ್ಮ ತಲೆಗೇ. "ಜಿಎಸ್‌ಟಿ ಎಕ್ಸ್‌ಟ್ರಾ" ಅನ್ನುವ ಕೊಟೇಷನ್ನನ್ನು ಅದೇ ಕ್ಷಣ ಪೆನ್ನು ಹಿಡಿದು ತೆರಿಗೆ ಸೇರಿಸಿ ತಿದ್ದಿಕೊಳ್ಳಬೇಕು.

ಬಾಗಿಲು ತೆರೆದ ದಿನ ನನ್ನ ಕೈಯಲ್ಲಿದ್ದದ್ದು 22 ಸಾವಿರ. ಬಾಡಿಗೆಯೇ 12 ಸಾವಿರ, ಅದರ ಮೇಲೆ ಅಸಿಸ್ಟೆಂಟ್ ಸಂಬಳ, ಬ್ಯಾಂಕಿನ ಕಂತು. ನಮ್ಮ ಕಡೆ ಹಲ್ಲು ನೋವಿಗೆ ಜನ ಯಾವಾಗ ಬೇಕಾದರೂ ಬರುತ್ತಾರೆ, ಕೀಳಿಸಿಕೊಂಡು ಹೋಗುತ್ತಾರೆ. ಹಲ್ಲಿನ ಸೆಟ್ ಕಟ್ಟಿಸಿಕೊಳ್ಳುವುದು, ಕ್ಯಾಪ್ ಹಾಕಿಸಿಕೊಳ್ಳುವುದು ಮಾತ್ರ "ಶೇಂಗಾ ದುಡ್ಡು ಬರ್ಲಿ ಡಾಕ್ಟ್ರಮ್ಮ" ಅನ್ನುವ ಲೆಕ್ಕ. ಜೂನಿನಲ್ಲಿ ಬಾಗಿಲು ತೆರೆದವಳು ನವೆಂಬರ್‌ವರೆಗೆ ಕಾಯಬೇಕು ಅನ್ನುವುದು ಊರಿನ ಮಗಳಾಗಿ ನನಗೆ ಗೊತ್ತಿರಬೇಕಿತ್ತು. ಆಗಸ್ಟಿನಲ್ಲಿ ಬಳೆ ಅಡವಿಟ್ಟೆ. ರಿಸೆಪ್ಷನ್ನಿನ ಗ್ರಾನೈಟನ್ನು ಅಡವಿಟ್ಟುಕೊಳ್ಳುವವರು ಯಾರೂ ಸಿಗಲಿಲ್ಲ!

ಯಾರೂ ಹೇಳಿಕೊಡದ ಇನ್ನೊಂದು ಲೆಕ್ಕವೆಂದರೆ ಹ್ಯಾಂಡ್‌ಪೀಸ್, ಅಂದರೆ ಹಲ್ಲು ಕೊರೆಯುವ ಕೈಯಂತ್ರ, ಎಷ್ಟು ಬೇಕು ಅನ್ನುವುದು. ನಾನು ಎರಡು ಕೊಂಡಿದ್ದೆ, ಒಂದು ಕೆಟ್ಟರೆ ಇನ್ನೊಂದು ಅಂತ. ಹಾಗಲ್ಲ. ಒಬ್ಬರ ಬಾಯಿಂದ ತೆಗೆದ ಹ್ಯಾಂಡ್‌ಪೀಸನ್ನು ತೊಳೆದು, ಎಣ್ಣೆ ಬಿಟ್ಟು, ಪೌಚಿಗೆ ಹಾಕಿ, ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವಿನಲ್ಲಿಟ್ಟು, ಒಣಗಿ ತಣ್ಣಗಾಗಿ ಕೈಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. 134 ಡಿಗ್ರಿಯಲ್ಲಿ ಇರಬೇಕಾದ್ದು ಮೂರು ನಾಲ್ಕು ನಿಮಿಷವೇ, ಆದರೆ ಅಲ್ಲಿಗೆ ಏರುವುದಕ್ಕೂ ಒಣಗುವುದಕ್ಕೂ ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆಗೊಬ್ಬರನ್ನು ನೋಡುವವರಿಗೆ ಚೇರೊಂದಕ್ಕೆ ನಾಲ್ಕಾದರೂ ಬೇಕು. ಕನ್ನಡಿ, ಪ್ರೋಬ್, ಟ್ವೀಜರ್‌ನ ಸೆಟ್ಟುಗಳಿಗೂ ಇದೇ ಲೆಕ್ಕ. ಉಪಕರಣಕ್ಕೆಂದು 75 ಸಾವಿರ ಬರೆದಿದ್ದೆ, ಒಂದು ಲಕ್ಷ 60 ಸಾವಿರವಾಯಿತು. ಹಾಗಂತ ಇದರಲ್ಲಿ ಉಳಿಸಲು ಹೋಗಬಾರದು. ಕೈಯಲ್ಲಿ ಎರಡೇ ಇದ್ದು ಹೊರಗೆ ನಾಲ್ಕು ಜನ ಕೂತಿದ್ದರೆ, ಸ್ಪಿರಿಟ್ಟಿನಲ್ಲಿ ಒರೆಸಿಬಿಡೋಣ ಅನ್ನುವ ಮನಸ್ಸು ಒಳ್ಳೆಯವರಿಗೂ ಬರುತ್ತದೆ.

ಕಂಪ್ರೆಸರನ್ನು ವೇಯ್ಟಿಂಗ್ ರೂಮಿನ ಗೋಡೆ ಬೀರುವಿನಲ್ಲಿ ಬಚ್ಚಿಟ್ಟಿದ್ದೆ, ಕಣ್ಣಿಗೆ ಕಾಣದಿರಲಿ ಅಂತ. ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕಂಡಿತು. ಅದು ಗುರ್ರೆಂದಾಗಲೆಲ್ಲ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದವು. ಬೀರುವಿನಲ್ಲಿ ಗಾಳಿಯಾಡದೆ ಅದು ಕಾಯುತ್ತಿತ್ತು ಬೇರೆ. ಟ್ಯಾಂಕಿನ ಅಡಿಯಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ, ದಿನಾ ಸಂಜೆ ಅದನ್ನು ತಿರುಗಿಸಿ ಕೂಡಿದ ನೀರು ಬಿಡಬೇಕು. ನಾನು ಮೊದಲ ಸಲ ತಿರುಗಿಸಿದ್ದು ಮೂರನೇ ತಿಂಗಳು. ಲೋಟಗಟ್ಟಲೆ ತುಕ್ಕುಬಣ್ಣದ ನೀರು ಬಂತು. ಅಷ್ಟು ದಿನ ಆ ತೇವವೇ ಹ್ಯಾಂಡ್‌ಪೀಸಿನ ಬೇರಿಂಗಿಗೆ ಹೋಗುತ್ತಿತ್ತು.

ಬೋರ್‌ವೆಲ್ ನೀರಿನದು ಬೇರೆಯೇ ಕಥೆ. ಚಿತ್ರದುರ್ಗ ಜಿಲ್ಲೆಯ ನೆಲದ ನೀರಿನಲ್ಲಿ ಫ್ಲೋರೈಡ್ ಇರುವುದು ನಮಗೆ ಪುಸ್ತಕದಿಂದ ಗೊತ್ತಾಗಬೇಕಿಲ್ಲ, ಹಳ್ಳಿಯಿಂದ ಬಂದವರು ಬಾಯಿ ತೆರೆದರೆ ಕಂದು ಕಲೆ ಕಾಣುತ್ತದೆ. ಅದೇ ನೀರಿನಲ್ಲಿ ಗಡಸುತನವೂ ಇದೆ. ಹಲ್ಲಿಗೆ ಕಲೆ ಮಾಡುವುದು ಫ್ಲೋರೈಡು, ಉಪಕರಣ ಕಟ್ಟಿಸುವುದು ಸುಣ್ಣ. ಹ್ಯಾಂಡ್‌ಪೀಸಿನ ನೀರು ಚಿಮ್ಮುವ ತೂತು ಕೂದಲೆಳೆಯಷ್ಟು. ಎಂಟು ತಿಂಗಳಿಗೆ ಬಿಳಿ ಪಾಚಿಯ ಹಾಗೆ ಕಟ್ಟಿಕೊಂಡಿತು. ಕೊರೆಯುವಾಗ ನೀರು ಚಿಮ್ಮದಿದ್ದರೆ ಹಲ್ಲು ಬಿಸಿಯಾಗುತ್ತದೆ, ಒಳಗಿನ ನರಕ್ಕೇ ಪೆಟ್ಟು. ಚೇರಿಗೆ ಬೇರೆ ಟ್ಯಾಂಕು, ಶುದ್ಧ ನೀರು. ಆಟೋಕ್ಲೇವಿಗಂತೂ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕಲೇಬಾರದು.

ಹಳದಿ ಸ್ಪಾಟ್‌ಲೈಟು ಮಾಡಿದ ಅನಾಹುತವನ್ನೂ ಹೇಳಿಬಿಡುತ್ತೇನೆ. ಮೇಷ್ಟರೊಬ್ಬರಿಗೆ ಮುಂದಿನ ಹಲ್ಲಿಗೆ ಕ್ಯಾಪ್. ಆ ಬೆಳಕಿನಲ್ಲಿ ಶೇಡ್ ಹೊಂದಿಸಿ ಲ್ಯಾಬಿಗೆ ಕಳಿಸಿದೆ, ಬಂತು, ಕೂರಿಸಿದೆ, ಚೆನ್ನಾಗಿತ್ತು. ಮೇಷ್ಟರು ಬೀದಿಗಿಳಿದು ಬೈಕಿನ ಕನ್ನಡಿ ನೋಡಿಕೊಂಡು ಮೆಟ್ಟಿಲು ಹತ್ತಿ ವಾಪಸ್ ಬಂದರು. ಬಿಸಿಲಲ್ಲಿ ಅದೊಂದು ಹಲ್ಲು ಬೇರೆಯವರದ್ದು ಅನ್ನಿಸುತ್ತಿತ್ತು. ಚೇರಿನ ಮೇಲೆ ಹಗಲಿನಂಥ ಬಿಳಿ ಬೆಳಕಿರಬೇಕು, 5500 ಕೆಲ್ವಿನ್ ಆಸುಪಾಸಿನದು. ಪಕ್ಕದಲ್ಲೊಂದು ಕಿಟಕಿ ಸಿಕ್ಕರೆ ಇನ್ನೂ ಒಳ್ಳೆಯದು.

2022ರಲ್ಲಿ ಜಾಗ ಬದಲಾಯಿಸಿದೆ. ಈ ಸಲ ನೆಲಮಹಡಿ, ಅದೊಂದು ಷರತ್ತಿನ ಮೇಲೆಯೇ ಹುಡುಕಿದ್ದು. 16 ಅಡಿ ಅಗಲ, 44 ಅಡಿ ಉದ್ದ, ರೈಲು ಡಬ್ಬಿ ಇದ್ದ ಹಾಗೆ. ಇಂಟೀರಿಯರಿನವರಿಗಿಂತ ಮೊದಲು ಹಳೆ ಪ್ಲಂಬರನ್ನೇ ಕರೆದೆ. ಅವರು ಒಳಗೆ ಬಂದವರೇ ಕೇಳಿದ ಮೊದಲ ಮಾತು: "ಮೋರಿ ಎಲ್ಲೈತಿ?" ಮೋರಿ ಹಿಂಬದಿಗಿತ್ತು. ಮುಂದಿನ ಚೇರಿನಿಂದ ಅಲ್ಲಿಗೆ 27 ಅಡಿ. 50 ಅಡಿಗೆ ಒಂದು ಅಡಿ ಇಳಿಜಾರು ಅಂತ ಹಿಡಿದರೂ ಪೈಪು ಆರೂವರೆ ಇಂಚು ಇಳಿಯಬೇಕು. ಎರಡಿಂಚಿನ ಪೈಪು, ಎಲ್ಲೂ 90 ಡಿಗ್ರಿಯ ಎಲ್ಬೋ ಇಲ್ಲ, ತಿರುಗಬೇಕಾದ ಕಡೆ 45 ಡಿಗ್ರಿಯ ಎರಡು ಬೆಂಡು, ಕಟ್ಟಿಕೊಂಡರೆ ಕಡ್ಡಿ ಹಾಕಲು ಮಧ್ಯೆ ಒಂದು ಮುಚ್ಚಳ. ಇಷ್ಟೂ ಸೀಮೆಸುಣ್ಣದಲ್ಲಿ ನೆಲದ ಮೇಲೆಯೇ ಬರೆದರು.

ಆಮೇಲೆ ನಾನು ಒಂದು ಹುಚ್ಚುತನ ಮಾಡಿದೆ. ಡ್ರಾಯಿಂಗಿನ ಅಳತೆಗೆ ದಿನಪತ್ರಿಕೆಗಳನ್ನು ಅಂಟಿಸಿ, ಪೂರ್ತಿ ಮಲಗಿಸಿದ ಚೇರಿನ ಆಕಾರ ಕತ್ತರಿಸಿ ನೆಲಕ್ಕೆ ಹಾಸಿದೆ. ಅಸಿಸ್ಟೆಂಟ್ ಅದರ ಮೇಲೆ ಪೇಷಂಟಿನ ಹಾಗೆ ಮಲಗಿದಳು. ನಾನು ಅವಳ ತಲೆ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಅಲ್ಲಿಂದ ಬಲಕ್ಕೆ ಜರುಗಿ, ಎದ್ದು, ಸಿಂಕಿಗೆ ಹೋಗಿ ಬಂದೆ. ಪ್ಲಂಬರು ಟೇಪ್ ಹಿಡಿದು ನಿಂತಿದ್ದರು. ತಲೆ ಹಿಂದೆ ಎರಡು ಅಡಿ ಸಾಕು ಅಂದುಕೊಂಡಿದ್ದೆ, ಬೆನ್ನು ಗೋಡೆಗೆ ಉಜ್ಜಿತು. ಮೂರು ಅಡಿಗೆ ಕಾಗದ ಎಳೆದೆವು. ಅವಳು ಮಲಗಿದಲ್ಲಿಂದಲೇ, "ಮೇಡಂ, ಈ ಸಲ ನನ್ನ ಕಾಲಿಗೂ ಜಾಗ ಐತಾ ನೋಡ್ರಿ" ಅಂದಳು. ಲೈನುಗಳ ಬಾಕ್ಸು ಎಲ್ಲಿ ಬರಬೇಕೆಂದು ಅವಳ ಕೈಯಿಂದಲೇ ಗುರುತು ಹಾಕಿಸಿದೆ.

ಒಂದು ಬದಿಗೆ ನಾಲ್ಕು ಅಡಿಯ ಓಣಿ, ವೀಲ್‌ಚೇರ್ ನೇರ ಹೋಗುವಷ್ಟು. ಮುಂದೆ 12 ಅಡಿ ವೇಯ್ಟಿಂಗ್. ನಂತರ ಹತ್ತತ್ತು ಅಡಿಯ ಎರಡು ಚೇರ್ ರೂಮು, ಅವೆರಡರ ನಡುವೆ ಆರು ಅಡಿಯ ಸ್ಟೆರಿಲೈಸೇಶನ್. ಎರಡೂ ಕಡೆಗೆ ಕಿಂಡಿ. ಬಳಸಿದ್ದು ಒಂದು ತುದಿಯ ಸಿಂಕಿನಲ್ಲಿ ಇಳಿದು, ತೊಳೆದು, ಪ್ಯಾಕಾಗಿ, ಆಟೋಕ್ಲೇವ್ ದಾಟಿ ಇನ್ನೊಂದು ತುದಿಯ ಬೀರು ಸೇರುತ್ತದೆ, ಹಿಂದಕ್ಕೆ ಬರುವ ದಾರಿಯಿಲ್ಲ. ಹಿಂಬದಿಗೆ ಟಾಯ್ಲೆಟ್ಟು, ನಾಲ್ಕು ಬಣ್ಣದ ವೇಸ್ಟ್ ಡಬ್ಬಗಳು. ಕಂಪ್ರೆಸರು ಹೊರಗೆ, ನೆರಳಿನಲ್ಲಿ. ಎಕ್ಸ್‌ರೇ ಯಂತ್ರವನ್ನು ಇಟ್ಟಿಗೆ ಗೋಡೆಗೇ ಕೂರಿಸಿದೆ. ಮೊದಲ ಕ್ಲಿನಿಕ್ಕಿನಲ್ಲಿ ಜಿಪ್ಸಂ ಪಾರ್ಟಿಷನ್ನಿಗೆ ನೇತು ಹಾಕಿ, ಅದರ ಕೈ ಮೆಲ್ಲಗೆ ಜಾರಿ ಫೋಟೋ ಅಲುಗಾಡಿ, ಮತ್ತೆ ಮತ್ತೆ ತೆಗೆಯಬೇಕಾಗುತ್ತಿತ್ತು. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗೆ ಬೇಕಾದ ಕೆಪಿಎಂಇ ನೋಂದಣಿ, ಎಕ್ಸ್‌ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಆನ್‌ಲೈನ್ ಅರ್ಜಿ, ವೇಸ್ಟಿಗೆ ಮಾಲಿನ್ಯ ಮಂಡಳಿ, ಇವುಗಳ ಕಾಗದ ಓಡಾಟವನ್ನು ಕಟ್ಟಡದ ಕೆಲಸದ ಜೊತೆಗೇ ಶುರು ಮಾಡಿದೆ.

ಕರೆಂಟಿನಲ್ಲೂ ಒಮ್ಮೆ ಸುಟ್ಟುಕೊಂಡಿದ್ದೆ. ಹಳೆ ಜಾಗದ ಲೋಡ್ ಎರಡು ಕಿಲೋವ್ಯಾಟ್, ಎಸಿಯೂ ಆಟೋಕ್ಲೇವೂ ಒಟ್ಟಿಗೆ ಓಡಿದರೆ ಟ್ರಿಪ್. ಆಟೋಕ್ಲೇವಿನ ಸುತ್ತು ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ. ಈ ಸಲ ಬಾಡಿಗೆ ಕರಾರು ಮಾಡುವಾಗಲೇ ಬೆಸ್ಕಾಂ ಲೋಡ್ ಹೆಚ್ಚಿಸುವುದನ್ನು ಮಾಲೀಕರ ಒಪ್ಪಿಗೆಯೊಂದಿಗೆ ಬರೆಸಿಕೊಂಡೆ.

ಬಜೆಟ್ ಹಾಳೆಯ ಮೊದಲ ಸಾಲಿನಲ್ಲಿ ಈ ಸಲ ಆರು ತಿಂಗಳ ಬಾಡಿಗೆ, ಸಂಬಳ, ಕಂತು ಬರೆದೆ, ಅದನ್ನು ಬೇರೆ ಖಾತೆಗೆ ಹಾಕಿ ಮುಟ್ಟಲಿಲ್ಲ. ಎರಡನೇ ಸಾಲಿನಲ್ಲಿ ನೆಲದಡಿಯದ್ದು. ಇಂಟೀರಿಯರ್ ಕೊನೆಯ ಸಾಲು, ಉಳಿದಿದ್ದರಲ್ಲಿ. ರಿಸೆಪ್ಷನ್ನಿಗೆ ಸಾದಾ ಲ್ಯಾಮಿನೇಟ್. ಎರಡನೇ ಚೇರನ್ನು ಆಗಲೇ ಕೊಳ್ಳಲಿಲ್ಲ, ಅದರ ಲೈನುಗಳನ್ನಷ್ಟೇ ಹಾಕಿ ಮುಚ್ಚಳ ಹೊಡೆಸಿಟ್ಟೆ. 2024ರಲ್ಲಿ ಚೇರ್ ಬಂದಾಗ ಮಧ್ಯಾಹ್ನದೊಳಗೆ ಜೋಡಣೆ ಮುಗಿದು, ಟೆಕ್ನಿಷಿಯನ್ ಸಂಜೆ ಬಸ್ಸಿಗೆ ಬೆಂಗಳೂರಿಗೆ ಹೊರಟ.

2022ರಲ್ಲಿ ಪೈಪುಗಳ ಮೇಲೆ ಕಾಂಕ್ರೀಟ್ ಸುರಿಯುವ ಹಿಂದಿನ ದಿನ, ತೆರೆದ ಗುಂಡಿಯೊಳಗೆ ಟೇಪ್ ಉದ್ದಕ್ಕೆ ಹಾಸಿ ಅಡಿ ಅಡಿಗೂ ಫೋಟೋ ತೆಗೆದಿಟ್ಟಿದ್ದೆ. ಕಳೆದ ತಿಂಗಳು ಓಣಿಯಲ್ಲಿ ವಯಸ್ಸಾದವರಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಬೇಕಿತ್ತು, ಅದರ ಕಾಲು ನೆಲಕ್ಕೆ ಕೂರಬೇಕು. ಪ್ಲಂಬರು ಡ್ರಿಲ್ ಹಿಡಿದವನ ಕೈ ತಡೆದು ನನ್ನ ಕಡೆ ತಿರುಗಿದರು. "ಡಾಕ್ಟ್ರಮ್ಮ, ಆ ಫೋಟೋ ತಗೀರಿ ಮೊದ್ಲು."